ನೀರುನಾಯಿಯ ಬಿಲಕ್ಕೆ ಉಡದ ಸಾಕ್ಷಿ

ಒಂದು ಕಾಡಿನಲ್ಲಿ, ಹೊಳೆ ದೊಡ್ಡ ಬಂಡೆಗಳನ್ನು ಬಳಸಿಕೊಂಡು ತಿರುಗುವ ಕಡೆ, ಆಳವಾದ ಮಡುವೊಂದಿತ್ತು. ಬೇಸಗೆಯಲ್ಲಿ ಹೊಳೆ ಬತ್ತಿ ಬರೀ ಕಲ್ಲು ಕಾಣುವಾಗಲೂ ಆ ಮಡುವಿನಲ್ಲಿ ನೀರಿರುತ್ತಿತ್ತು. ನೀರಿನಲ್ಲಿ ಮೀನಿರುತ್ತಿತ್ತು. ಮಡುವಿನ ದಂಡೆಯ ಬಂಡೆಗಳ ಅಡಿಯಲ್ಲಿ ಒಂದು ಬಿಲ. ಅದಕ್ಕೆ ಎರಡು ಬಾಯಿ. ಒಂದು ಮೇಲೆ, ಬಂಡೆಗಳ ಸಂದಿನಲ್ಲಿ. ಇನ್ನೊಂದು ಕೆಳಗೆ, ನೀರಿನೊಳಗೆ. ಮೇಲಿನಿಂದ ಚಿರತೆ ಬಂದರೆ ಕೆಳಗೆ ಜಾರಿಕೊಳ್ಳಬಹುದು. ಕೆಳಗಿನಿಂದ ಮೊಸಳೆ ಬಂದರೆ ಮೇಲಕ್ಕೆ ಓಡಬಹುದು. ಅಂಥ ಬಿಲ ಆ ಹೊಳೆಯ ಉದ್ದಕ್ಕೂ ಇನ್ನೊಂದಿರಲಿಲ್ಲ.

ಅದು ಹೊಳೆಯವ್ವ ಎಂಬ ಮುದಿ ನೀರುನಾಯಿಯ ಬಿಲ. ಪ್ರಾಯದಲ್ಲಿ ಉಗುರು ಸವೆಸಿ ತಾನೇ ತೋಡಿದ್ದು. ಅವಳಿಗೆ ಮೂವರು ಮಕ್ಕಳು. ದೊಡ್ಡವನು ಕೆಂಚ. ಅವನು ಹೆಂಡತಿ ಮರಿಗಳೊಂದಿಗೆ ಹೊಳೆಯ ಮೇಲುಭಾಗದಲ್ಲಿದ್ದ. ಕೊನೆಯವಳು ಗಂಗಿ. ಅವಳು ಜೋಡಿ ಹುಡುಕಿಕೊಂಡು ನೀರು ಧುಮುಕುವ ಅಬ್ಬಿಯ ಆಚೆ, ಬೇರೆ ಹೊಳೆಗೆ ಹೋಗಿದ್ದಳು. ನಡುವಿನವಳು ಹೊನ್ನಿ. ಹೊನ್ನಿಯ ಗಂಡನನ್ನು ಮೊಸಳೆ ಎಳೆದುಕೊಂಡು ಹೋದ ಮೇಲೆ ಅವಳು ತನ್ನ ಎರಡು ಮರಿಗಳನ್ನು ಕಟ್ಟಿಕೊಂಡು ತಾಯಿಯ ಬಿಲಕ್ಕೆ ಬಂದಿದ್ದಳು. ಹೊಳೆಯವ್ವನ ಕಣ್ಣು ಮಂಜಾದಾಗ, ಹಲ್ಲು ಉದುರಿದಾಗ, ಮೀನು ಹಿಡಿದು ತಂದು ಮುಳ್ಳು ಬಿಡಿಸಿ ಬಾಯಿಗಿಟ್ಟವಳು ಹೊನ್ನಿಯೇ.

ಒಂದು ಸಂಜೆ ಹೊಳೆಯವ್ವ ಮಗಳನ್ನು ಹತ್ತಿರ ಕರೆದಳು.

"ಹೊನ್ನಿ, ನನ್ನ ನಂತರ ಈ ಬಿಲ ನಿನಗೆ. ಕೆಂಚನಿಗೆ ಮೈಯಲ್ಲಿ ಬಲ ಇದೆ, ಎಲ್ಲಾದರೂ ತೋಡಿಕೊಳ್ತಾನೆ. ಗಂಗಿಗೆ ಒಳ್ಳೆ ಹೊಳೆ ಸಿಕ್ಕಿದೆ. ನಿನಗೆ ಇದು ಬಿಟ್ಟರೆ ಬೇರೆ ಇಲ್ಲ. ನಾಳೆ ದೊಡ್ಡಮ್ಮನನ್ನು ಕರೆಸು. ಅವಳ ಮುಂದೆ ಹೇಳಿಬಿಡ್ತೀನಿ."

ದೊಡ್ಡಮ್ಮ ಎಂದರೆ ಆ ಕಾಡಿನ ಹಿರಿಯ ಕಾಡೆಮ್ಮೆ. ಜಗಳ, ಪಾಲು, ಗಡಿ, ಏನಿದ್ದರೂ ಅವಳೇ ಕೂಟ ಸೇರಿಸಿ ತೀರ್ಮಾನ ಮಾಡುತ್ತಿದ್ದಳು. ಆ ಕಾಡಿಗೊಂದು ಕಟ್ಟಳೆಯೂ ಇತ್ತು. ಸಾಯುವವರು ತಮ್ಮದು ಯಾರಿಗೆ ಸೇರಬೇಕೆಂದು ಹೇಳಿಹೋಗಬಹುದು. ಆದರೆ ಆ ಮಾತನ್ನು ಇಬ್ಬರು ಹೊರಗಿನವರು ಕಿವಿಯಾರೆ ಕೇಳಿರಬೇಕು. ಆ ಇಬ್ಬರಿಗೆ ಅದರಿಂದ ಏನೂ ದಕ್ಕುವಂತಿರಬಾರದು. ಹಾಗೆ ಕೇಳಿದವರಿಲ್ಲದಿದ್ದರೆ ಮಕ್ಕಳೆಲ್ಲರಿಗೂ ಸಮಪಾಲು.

ಮರುದಿನ ಬೆಳಿಗ್ಗೆ ಹೊಳೆಯವ್ವನಿಗೆ ಚೇತರಿಕೆ ಕಂಡಿತು. ಮೇಲಿನ ಬಾಯಿಯ ತನಕ ತೆವಳಿ ಬಂದು ಬಿಸಿಲಿಗೆ ಮೈಯೊಡ್ಡಿದಳು.

"ಇವತ್ತು ಮೈ ಹಗುರವಾಗಿದೆ. ಸಾಯೋ ಮಾತು ಇವತ್ಯಾಕೆ? ದೊಡ್ಡಮ್ಮನನ್ನು ಇನ್ನೊಂದು ದಿನ ಕರೆಸಿದರಾಯ್ತು" ಎಂದಳು.

ಹೊನ್ನಿ ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಿದರೆ ಬಿಲದ ಆಸೆಗೆ ಮಾಡಿದ ಹಾಗೆ ಕಾಣುತ್ತದೆ ಎಂದು ಸುಮ್ಮನಾದಳು. ಆ ಇನ್ನೊಂದು ದಿನ ಬರಲಿಲ್ಲ. ಹೊಳೆಯವ್ವ ನಿದ್ದೆಯಲ್ಲೇ ತೀರಿಕೊಂಡಳು.

ಸುದ್ದಿ ಕೇಳಿ ಕೆಂಚ ಹೆಂಡತಿ ಮರಿಗಳೊಂದಿಗೆ ಬಂದ. ತಾಯಿಯ ತಣ್ಣಗಾದ ಮೈಗೆ ಮೂಗು ತಾಗಿಸಿ ಬಹಳ ಹೊತ್ತು ಕೂತ. ಅಣ್ಣ ತಂಗಿ ಸೇರಿ ಅವಳನ್ನು ಹೊಳೆಯ ನಡುವಿಗೆ ಕೊಂಡೊಯ್ದು ಬಿಟ್ಟರು. ಹಿಂತಿರುಗಿ ಬರುವಾಗ ಕೆಂಚ ಮಡುವನ್ನು ನೋಡಿದ. ಬೇಸಗೆ ಹತ್ತಿರವಾಗುತ್ತಿತ್ತು. ಅವನಿದ್ದ ಕಡೆ ಆಗಲೇ ನೀರು ಕಾಲು ಮುಳುಗುವಷ್ಟು ಮಾತ್ರ ಉಳಿದಿತ್ತು.

"ಅವ್ವ ಬಿಲದ ವಿಚಾರ ಏನಾದರೂ ಹೇಳಿದಳಾ?" ಎಂದು ಕೇಳಿದ.

"ಹೇಳಿದಳು ಅಣ್ಣ. ನನಗೆ ಅಂದಳು."

"ಯಾರ ಮುಂದೆ?"

ಹೊನ್ನಿ ಮರಿಗಳ ಕಡೆ ತಿರುಗಿದಳು.

"ಯಾರ ಮುಂದೆ ಹೇಳಿದಳು ಅಂತ ಕೇಳಿದೆ."

"ನಾನೊಬ್ಬಳೇ ಇದ್ದೆ."

ಕೆಂಚನ ಮೀಸೆ ಅಲುಗಿತು. "ನೀನೊಬ್ಬಳೇ ಇದ್ದೆ. ನಿನಗೇ ಕೊಟ್ಟಳು. ಚೆನ್ನಾಗಿದೆ" ಎಂದ. ಸಂಸಾರ ಕರೆದುಕೊಂಡು ಮಡುವಿನ ಆಚೆ ದಡಕ್ಕೆ ಹೋಗಿ, ಮತ್ತಿ ಮರದ ಬೇರುಗಳ ನಡುವೆ ಬೀಡುಬಿಟ್ಟ. ಕೂಟ ಸೇರುವ ತನಕ ತಾನು ಅಲ್ಲಿಂದ ಕದಲುವುದಿಲ್ಲ ಎಂದು ಹೆಂಡತಿಯ ಮೂಲಕ ಹೇಳಿಕಳಿಸಿದ. ಅಮಾವಾಸ್ಯೆ ಕಳೆದ ಬೆಳಿಗ್ಗೆ ಮರಳದಿಬ್ಬದ ಮೇಲೆ ಕೂಟ ಎಂದು ದೊಡ್ಡಮ್ಮ ಸಾರಿದಳು.

ಅಂದಿನಿಂದ ಹೊನ್ನಿಗೆ ಊಟ ಸೇರಲಿಲ್ಲ. ಬಿಲ ಮೂರು ಪಾಲಾದರೆ ಮೂರು ಸಂಸಾರಕ್ಕೆ ಸಾಲುವುದಿಲ್ಲ. ಅಣ್ಣ ಬಲಶಾಲಿ. ಜೊತೆಗೆ ಹೆಂಡತಿ ಇದ್ದಾಳೆ. ಒಳಗೆ ಕಾಲಿಟ್ಟನೆಂದರೆ ಇವತ್ತೊಂದು ಮೂಲೆ, ನಾಳೆ ಇನ್ನೊಂದು ಮೂಲೆ ಎಂದು ತನ್ನನ್ನು ಹೊರಗೆ ನೂಕುತ್ತಾನೆ. ಎರಡು ಮರಿಗಳನ್ನು ಕಟ್ಟಿಕೊಂಡು ಒಣಗಿದ ಹೊಳೆಯಲ್ಲಿ ಎಲ್ಲಿಗೆ ಹೋಗುವುದು? ಅವಳು ಆಚೆ ದಡ ನೋಡುತ್ತಾ ಕೂರುತ್ತಿದ್ದಳು. ಆಚೆ ದಡದಿಂದ ಅವರೂ ಇವಳನ್ನು ನೋಡುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಉಡಪ್ಪ ಬಂದ. ಅವನು ಗುಡ್ಡದ ಮೇಲಿನ ಬಿಲದಲ್ಲಿದ್ದ ಮುದಿ ಉಡ. ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಸದ್ದಿಲ್ಲದೆ ಓಡಾಡುತ್ತಿದ್ದ. ಯಾರ ಗೂಡಿನಲ್ಲಿ ಮೊಟ್ಟೆ ಇದೆ, ಯಾರ ಮನೆಯಲ್ಲಿ ಮನಸ್ತಾಪ ಇದೆ, ಎರಡೂ ಅವನಿಗೆ ಗೊತ್ತಿರುತ್ತಿತ್ತು.

"ಮಗಳೇ, ಹೊಳೆಯವ್ವ ನನಗೆ ಒಡಹುಟ್ಟಿದವಳ ಹಾಗಿದ್ದಳು" ಎಂದು ಉಡಪ್ಪ ನಾಲಗೆ ಚಾಚಿ ಗಾಳಿ ಸವರಿದ. "ನಿನಗೆ ಅನ್ಯಾಯ ಆಗೋದನ್ನ ನೋಡೋಕಾಗಲ್ಲ. ಅವಳು ಬಿಲ ನಿನಗೆ ಅಂದಳಲ್ಲ, ಆ ಸಂಜೆ ನಾನು ಮೇಲೆ ಬಂಡೆ ಮೇಲೇ ಇದ್ದೆ. ಎಲ್ಲ ಕೇಳಿಸಿತು."

ಹೊನ್ನಿ ಅವನನ್ನು ದಿಟ್ಟಿಸಿ ನೋಡಿದಳು. ಆ ಸಂಜೆ ಮಳೆ ಹನಿಯುತ್ತಿತ್ತು. ಮಳೆಯಲ್ಲಿ ಯಾವ ಉಡವೂ ಬಂಡೆಯ ಮೇಲೆ ಮಲಗುವುದಿಲ್ಲ.

"ಮಾವ, ನೀನು ಅವತ್ತು ಇರಲಿಲ್ಲ" ಎಂದಳು ಮೆಲ್ಲಗೆ.

"ಅವಳು ಆ ಮಾತು ಹೇಳಿದ್ದು ನಿಜ ತಾನೇ?"

"ನಿಜ."

"ನಿಜವನ್ನು ನಾನು ಕೇಳಿದೆ ಅಂದರೆ ಅದು ಸುಳ್ಳು ಹೇಗಾಗುತ್ತೆ? ಇನ್ನೊಂದು ಸಾಕ್ಷಿಗೆ ಕೆಂಬೂತವನ್ನು ಕರೆತರ್ತೀನಿ. ಅವಳು ನಾನು ಹೇಳಿದ ಹಾಗೆ ಹೇಳ್ತಾಳೆ. ನನಗೇನೂ ಬೇಡ. ಚಳಿಗೆ ಮೇಲಿನ ಬಾಯಿಯ ಹತ್ತಿರ ಮೈ ಚಾಚೋಕೆ ಒಂದಿಷ್ಟು ಜಾಗ ಕೊಟ್ಟರೆ ಸಾಕು. ಅದನ್ನೂ ಯಾರಿಗೂ ಹೇಳಬೇಕಾಗಿಲ್ಲ."

ಹೊನ್ನಿ ಆಗಲಿ ಎನ್ನಲಿಲ್ಲ. ಬೇಡ ಎನ್ನಲೂ ಇಲ್ಲ. ಮರಿಗಳು ಒಳಗಿನಿಂದ ಕರೆದವು ಎಂದು ನೆಪ ಮಾಡಿ ಎದ್ದು ಹೋದಳು.

ಮರುದಿನ ಬೆಳಿಗ್ಗೆ ಅವಳು ಮೀನು ಹಿಡಿದು ಬರುವಷ್ಟರಲ್ಲಿ ಉಡಪ್ಪ ಮೇಲಿನ ಬಾಯಿಯೊಳಗೆ ಉದ್ದಕ್ಕೆ ಮಲಗಿದ್ದ. ಅವನ ಬಾಲ ಒಳಕೋಣೆಯ ತನಕ ಚಾಚಿಕೊಂಡಿತ್ತು.

"ಇದೇನು ಮಾವ?"

"ಕಾವಲು. ಕೂಟ ಮುಗಿಯೋ ತನಕ ಯಾರಾದರೂ ಬಾಗಿಲಲ್ಲಿ ಇರಬೇಕು ತಾನೇ? ನಿನ್ನ ಅಣ್ಣ ನೀನಿಲ್ಲದಾಗ ಬಂದು ಒಳಗೆ ಕೂತರೆ ಏನು ಮಾಡ್ತೀಯ?" ಎಂದ ಉಡಪ್ಪ. ಆಮೇಲೆ ದನಿ ತಗ್ಗಿಸಿದ. "ಅವನ ಜೊತೆ ಒಂದು ಮಾತೂ ಆಡಬೇಡ. ನೀನು ಆಡಿದ್ದನ್ನೆಲ್ಲ ಕೂಟದಲ್ಲಿ ತಿರುಗಿಸಿ ಹೇಳ್ತಾನೆ. ಮರಿಗಳನ್ನೂ ಆಚೆ ಬಿಡಬೇಡ. ಅವನ ಹೆಂಡತಿ ಏನು ಹೇಳ್ತಿದ್ದಳು ಗೊತ್ತಾ? ಮರಿಗಳಿಲ್ಲದಿದ್ದರೆ ಹೊನ್ನಿಗೆ ಬಿಲ ಯಾಕೆ ಬೇಕಿತ್ತು ಅಂತ."

ಹೊನ್ನಿಯ ಬೆನ್ನ ಮೇಲಿನ ಕೂದಲು ನೆಟ್ಟಗಾಯಿತು.

ಅಂದಿನಿಂದ ಮರಿಗಳು ಬಿಲದಿಂದ ಹೊರಬರಲಿಲ್ಲ. ಉಡಪ್ಪ ಮಲಗಿದಲ್ಲೇ ಕತ್ತು ತಿರುಗಿಸಿ ಅವುಗಳನ್ನು ನೋಡುತ್ತಿದ್ದ. ಅವನು ನೋಡುವ ರೀತಿ ಹೊನ್ನಿಗೆ ಹಿಡಿಸುತ್ತಿರಲಿಲ್ಲ. ಮೀನು ತರಲು ಹೋದವಳು ಒಂದೇ ಮುಳುಗಿಗೆ ಸಿಕ್ಕಿದ್ದನ್ನು ಹಿಡಿದು ಓಡಿಬರುತ್ತಿದ್ದಳು. ಬಂದ ಕೂಡಲೇ ಎರಡೂ ಮರಿಗಳ ಮೈ ಮೂಸುತ್ತಿದ್ದಳು. ಕೆಲವೊಮ್ಮೆ ಉಡಪ್ಪ ಬಿಲದಲ್ಲಿ ಇರುತ್ತಿರಲಿಲ್ಲ. ಒಂದು ಸಲ ಅವನು ಆಚೆ ದಡದಿಂದ ಈಜಿ ಬರುವುದನ್ನು ಕಂಡು ಕೇಳಿದಳು.

"ಅವರು ಏನು ಮಾಡ್ತಿದ್ದಾರೆ ಅಂತ ನೋಡಿಕೊಂಡು ಬಂದೆ. ಎಲ್ಲ ನಿನಗೋಸ್ಕರ" ಎಂದ.

ಒಂದು ದಿನ ದೊಡ್ಡ ಮರಿ ತಾಯಿಯ ಕಣ್ಣು ತಪ್ಪಿಸಿ ಕೆಳಗಿನ ಬಾಯಿಯಿಂದ ಜಾರಿಕೊಂಡಿತು. ಆಚೆ ದಡದಲ್ಲಿ ಕೆಂಚನ ಮರಿಗಳು ಏಡಿಯೊಂದನ್ನು ಉರುಳಿಸಿ ಆಡುತ್ತಿದ್ದವು. ಇದೂ ಹೋಗಿ ಸೇರಿಕೊಂಡಿತು. ಹೊನ್ನಿ ಅದನ್ನು ನೋಡಿದ್ದೇ ತಡ, ಮಡುವನ್ನು ಸೀಳಿಕೊಂಡು ಹೋದಳು. ಹಲ್ಲು ಕಿರಿದು ದಡ ಹತ್ತಿ ಮರಿಯ ಕತ್ತು ಕಚ್ಚಿ ಎಳೆದು ತನ್ನ ಬೆನ್ನ ಹಿಂದೆ ಬಿಟ್ಟಳು. ಕೆಂಚ ಅಡ್ಡ ಬಂದ. ಇಬ್ಬರೂ ಮುಖಕ್ಕೆ ಮುಖ ಕೊಟ್ಟು ಗುರುಗುಟ್ಟುತ್ತಾ ನಿಂತರು. ಒಂದೇ ತಾಯಿಯ ಹಾಲು ಕುಡಿದವರು ಒಬ್ಬರ ಗಂಟಲನ್ನು ಇನ್ನೊಬ್ಬರು ನೋಡುತ್ತಿದ್ದರು.

"ನನ್ನ ಮರಿಯನ್ನು ಮುಟ್ಟಿದರೆ ನೋಡು" ಎಂದಳು ಹೊನ್ನಿ.

"ನಾನು ಮರಿಗಳನ್ನು ಮುಟ್ಟೋನಲ್ಲ. ಕಣ್ಣು ಕಾಣದ ಅವ್ವನಿಗೆ ಹೊಟ್ಟೆಗೆ ಹಾಕದೆ, ಬೇಗ ಸಾಯಲಿ ಅಂತ ಕಾದವಳು ನೀನು."

ಹೊನ್ನಿ ಒಂದು ಹೆಜ್ಜೆ ಹಿಂದೆ ಸರಿದಳು. "ಯಾರು ಹೇಳಿದರು ಹಾಗಂತ?"

ಕೆಂಚ ಮುಖ ತಿರುಗಿಸಿದ.

ಅವಳು ಮರಿಯನ್ನು ಹೊತ್ತು ಈಜುತ್ತಾ ಬಂದಳು. ಅವ್ವನ ಕೊನೆಯ ದಿನಗಳಲ್ಲಿ ಬಿಲದ ಹತ್ತಿರ ಯಾರೂ ಸುಳಿದಿರಲಿಲ್ಲ. ಆಚೆ ದಡಕ್ಕೂ ಈಚೆ ದಡಕ್ಕೂ ಓಡಾಡುವವನು ಒಬ್ಬನೇ. ಬಿಲ ಸೇರಿದಾಗ ಉಡಪ್ಪ ಕಣ್ಣು ಮುಚ್ಚಿ ಮಲಗಿದ್ದ. ಹೊರಗೆ ಹೋಗು ಎನ್ನಬೇಕೆಂದು ಅವಳಿಗೆ ನಾಲಗೆಯ ತುದಿಗೆ ಬಂತು. ಆದರೆ ಕೂಟ ಹತ್ತಿರ ಬಂದಿತ್ತು. ಇವನೂ ಇಲ್ಲದಿದ್ದರೆ ತನ್ನ ಪರ ಇನ್ನು ಯಾರು? ನುಂಗಿಕೊಂಡಳು.

ಅಂದು ಅವಳಿಗೆ ಗಂಗಿಯ ನೆನಪಾಯಿತು. ಅವ್ವ ಸತ್ತ ಸುದ್ದಿಯನ್ನೂ ಆ ಹುಡುಗಿಗೆ ಯಾರೂ ಮುಟ್ಟಿಸಿರಲಿಲ್ಲ. ಕೆಂಚನೂ ಇಲ್ಲ, ತಾನೂ ಇಲ್ಲ.

"ಅವಳು ಹೊಳೆ ಬಿಟ್ಟು ಹೋದವಳು" ಎಂದ ಉಡಪ್ಪ. "ಇಬ್ಬರ ಜಗಳ ಸಾಲದು ಅಂತ ಮೂರನೆಯವಳನ್ನು ಯಾಕೆ ಕರೆಸ್ತೀಯ? ಬಂದರೆ ಪಾಲು ಕೇಳ್ತಾಳೆ. ಬರದಿದ್ದರೆ ಒಳ್ಳೆಯದೇ ಆಯ್ತಲ್ಲ."

ಹೊನ್ನಿ ದಡದ ಕೊಂಬೆಯಲ್ಲಿ ಕೂತಿದ್ದ ಮಿಂಚುಳ್ಳಿಯ ಹತ್ತಿರ ಹೋಗಿ, ಅಬ್ಬಿಯ ಆಚೆ ಒಂದು ಸುದ್ದಿ ಮುಟ್ಟಿಸಲು ಕೇಳಿಕೊಂಡಳು.

ಕೂಟದ ಹಿಂದಿನ ದಿನ ಗಂಗಿ ಬಂದಳು. ಕಲ್ಲು ಹತ್ತಿ ಇಳಿದು ಅವಳ ಪಾದಗಳು ಒಡೆದಿದ್ದವು. ಬಿಲಕ್ಕೆ ಬರದೆ ಮಡುವಿನ ಅಂಚಿನ ಮರಳಿನಲ್ಲೇ ಕೂತಳು. ಹೊನ್ನಿ ಹತ್ತಿರ ಹೋದಾಗ ತಲೆ ಎತ್ತಲಿಲ್ಲ.

"ಅವ್ವನ ಮುಖ ನೋಡೋಕೂ ಕರೆಯಲಿಲ್ಲ ಅಕ್ಕ ನೀವು."

"ತಪ್ಪಾಯ್ತು ಗಂಗಿ."

"ನನಗೆ ಪಾಲು ಬೇಡ ಅನ್ನೋದಾದರೆ ನಾನೇ ಹೇಳ್ತೀನಿ. ನೀವಿಬ್ಬರು ಸೇರಿ ನನ್ನ ಬದಲು ಹೇಳೋ ಹಾಗಿಲ್ಲ." ಗಂಗಿ ಅತ್ತಳು. ಅತ್ತು ಸುಮ್ಮನಾದ ಮೇಲೆ ಬಿಲದ ಕಡೆ ನೋಡಿದಳು. "ಅಲ್ಲಿ ಮಲಗಿರೋನು ಯಾರು?"

ಹೊನ್ನಿ ಎಲ್ಲ ಹೇಳಿದಳು. ಅವ್ವ ಹೇಳಿದ್ದು, ದೊಡ್ಡಮ್ಮನನ್ನು ಕರೆಸದೆ ಉಳಿದದ್ದು, ಉಡಪ್ಪ ಸಾಕ್ಷಿ ಹೇಳುತ್ತೇನೆಂದದ್ದು.

"ಅವನು ಕೇಳಿದ್ದು ನಿಜವಾ?" ಎಂದಳು ಗಂಗಿ.

ಹೊನ್ನಿ ಮರಳು ಕೆದಕುತ್ತಾ ಕೂತಳು. ಗಂಗಿ ಮತ್ತೆ ಕೇಳಲಿಲ್ಲ.

ಬೆಳಗಾಯಿತು. ಮಡುವಿನ ಪಕ್ಕದ ಮರಳದಿಬ್ಬದ ಮೇಲೆ ಕಾಡಿನವರು ಸೇರಿದರು. ಮುಸುವಗಳು ಕೊಂಬೆಗಳಲ್ಲಿ ಕೂತವು. ಕಡವೆಗಳು, ನವಿಲುಗಳು, ಕೊಕ್ಕರೆಗಳು ಸುತ್ತ ನಿಂತವು. ದೊಡ್ಡಮ್ಮ ನಡುವೆ ಬಂದು ನಿಂತಾಗ ಗದ್ದಲ ಅಡಗಿತು. ಚಿಕ್ಕವರನ್ನು ಕೂಟಕ್ಕೆ ತರಬಾರದು ಎಂದು ಉಡಪ್ಪ ಹೇಳಿದ್ದರಿಂದ ಹೊನ್ನಿ ಮರಿಗಳನ್ನು ಬಿಲದಲ್ಲೇ ಬಿಟ್ಟು ಬಂದಿದ್ದಳು.

"ಹೊಳೆಯವ್ವನ ಮಕ್ಕಳೆಲ್ಲ ಬಂದಿದ್ದಾರಾ?" ಎಂದು ದೊಡ್ಡಮ್ಮ ಕೇಳಿದಳು.

ಮೂವರೂ ಮುಂದೆ ಬಂದರು. ಗಂಗಿಯನ್ನು ಕಂಡು ಕೆಂಚ ತಲೆ ತಗ್ಗಿಸಿದ.

"ಹೊಳೆಯವ್ವ ತನ್ನ ಬಿಲದ ವಿಚಾರ ಮಾತು ಆಡಿ ಹೋಗಿದ್ದಾಳಾ? ಅದನ್ನು ಕೇಳಿದ ಹೊರಗಿನವರು ಯಾರಾದರೂ ಇದ್ದೀರಾ?"

"ಇದ್ದೀನಿ ದೊಡ್ಡಮ್ಮ" ಎಂದು ಉಡಪ್ಪ ಮರಳಿನ ಮೇಲೆ ಹರಿದು ಬಂದ. ಹಿಂದೆ ಕೆಂಬೂತ ಬಂದಳು. ಅವಳ ಕೆಂಪು ಕಣ್ಣುಗಳು ಅತ್ತಿತ್ತ ಹೊರಳುತ್ತಿದ್ದವು. "ನಾನೂ ಇವಳೂ ಇಬ್ಬರೂ ಕೇಳಿದ್ದೀವಿ. ನಮಗೆ ಇದರಿಂದ ಹುಲ್ಲುಕಡ್ಡಿಯಷ್ಟೂ ಲಾಭ ಇಲ್ಲ."

"ಏನು ಕೇಳಿದೆ, ಹೇಳು."

ಹೊನ್ನಿ ಉಡಪ್ಪನ ಬಾಯಿಯನ್ನೇ ನೋಡುತ್ತಿದ್ದಳು. ಇನ್ನು ಒಂದು ಮಾತು. ಅದು ಮುಗಿದರೆ ಬಿಲ ತನ್ನದು. ಮರಿಗಳಿಗೆ ಬೇಸಗೆ ಕಳೆಯುತ್ತದೆ. ಅವ್ವ ಹೇಳಿದ್ದೂ ಅದನ್ನೇ ಅಲ್ಲವೇ? ಆದರೆ ಅವ್ವ ಅದನ್ನು ಇವನ ಬಾಯಿಂದ ಹೇಳಿಸುತ್ತಿದ್ದಳೇ? ಇವನು ಹೇಳಿದ ಮೇಲೆ ಆ ಮಾತು ಅವ್ವನದಾಗಿ ಉಳಿಯುವುದಿಲ್ಲ, ಇವನದಾಗುತ್ತದೆ. ಆಮೇಲೆ ಬಿಲದಿಂದ ಇವನನ್ನು ಹೊರಡು ಎನ್ನಲು ತನಗೆ ಬಾಯಿ ಇರುವುದಿಲ್ಲ. ಇವನು ಎಂದೆಂದಿಗೂ ಅಲ್ಲಿ ಮಲಗಿ ತನ್ನ ಮರಿಗಳನ್ನು ನೋಡುತ್ತಿರುತ್ತಾನೆ.

"ದೊಡ್ಡಮ್ಮ" ಎಂದಳು ಹೊನ್ನಿ. "ಅವನು ಏನೂ ಕೇಳಿಲ್ಲ. ಅವನು ಅಲ್ಲಿ ಇರಲೇ ಇಲ್ಲ."

ಕೂಟವೆಲ್ಲ ಅವಳ ಕಡೆ ತಿರುಗಿತು.

"ಬಿಲ ನನಗೆ ಅಂತ ಅವ್ವ ಹೇಳಿದ್ದು ನಿಜ. ಆಗ ನಾನೊಬ್ಬಳೇ ಇದ್ದೆ. ಮೇಲಿನ ಬಾಯಿಯಲ್ಲಿ ಜಾಗ ಕೊಟ್ಟರೆ ಸಾಕ್ಷಿ ಹೇಳ್ತೀನಿ ಅಂತ ಇವನು ಬಂದ. ನಾನು ಬೇಡ ಅನ್ನಬೇಕಿತ್ತು. ಅನ್ನಲಿಲ್ಲ."

ಉಡಪ್ಪ ನಾಲಗೆಯನ್ನು ಒಳಗೆ ಎಳೆದುಕೊಂಡ. "ಪಾಪ, ತಾಯಿ ಸತ್ತ ದುಃಖಕ್ಕೆ ಏನೇನೋ ಮಾತಾಡ್ತಾಳೆ" ಎಂದ.

ಆಗ ಕೆಂಚ ಮುಂದೆ ಬಂದ. ತಂಗಿಯ ಮುಖವನ್ನು ಮೊದಲ ಸಲ ನೋಡುವವನಂತೆ ನೋಡುತ್ತಿದ್ದ. ಇವಳು ಗೆಲ್ಲುವ ಮಾತನ್ನು ತಾನೇ ಕೈಯಾರೆ ಬಿಟ್ಟಿದ್ದಳು.

"ಅವಳು ಹೇಳಿದ್ದು ನಿಜ ದೊಡ್ಡಮ್ಮ" ಎಂದ. "ನನ್ನ ಹತ್ತಿರಾನೂ ಬಂದಿದ್ದ. ಬಿಲ ಹಿರಿಯ ಮಗನಿಗೆ ಅಂತ ಹೊಳೆಯವ್ವ ಹೇಳಿದ್ದನ್ನು ಕೇಳಿದೀನಿ ಅಂದ. ಅದೇ ಮೇಲಿನ ಬಾಯಿ ಕೇಳಿದ. ನಾನೂ ಒಪ್ಪಿದ್ದೆ. ಹೊನ್ನಿ ಅವ್ವನನ್ನು ಉಪವಾಸ ಕೆಡವಿದಳು ಅಂತ ಹೇಳಿದವನೂ ಇವನೇ."

ದೊಡ್ಡಮ್ಮ ಮೂಗಿನಿಂದ ಬಿಸಿಯುಸಿರು ಬಿಟ್ಟಳು. ಕೆಂಬೂತದ ಕಡೆ ತಿರುಗಿದಳು.

"ನೀನು ಹೇಳು. ಹೊಳೆಯವ್ವ ಬಿಲ ಮಗನಿಗೆ ಅಂದಳೋ, ಮಗಳಿಗೆ ಅಂದಳೋ?"

ಕೆಂಬೂತ ರೆಕ್ಕೆ ಕೊಡವಿದಳು. ಉಡಪ್ಪನ ಕಡೆ ನೋಡಿದಳು. "ಯಾವುದು ಹೇಳಬೇಕು ಅಂತ ಉಡಪ್ಪ ಇನ್ನೂ ಹೇಳಿಲ್ಲ" ಎಂದಳು. ಮುಸುವಗಳು ಮೇಲಿನಿಂದ ಹಲ್ಲು ಕಿಸಿದವು. ಅವಳು ಅಳುವ ದನಿಯಲ್ಲಿ ಮುಂದುವರಿಸಿದಳು. "ಅವನ ಮಾತು ಕೇಳದಿದ್ದರೆ ನನ್ನ ಮೊಟ್ಟೆಗಳನ್ನು ತಿಂದುಬಿಡ್ತಾನೆ ದೊಡ್ಡಮ್ಮ."

ಅಷ್ಟರಲ್ಲಿ ಉಡಪ್ಪ ನಿಂತಲ್ಲಿ ಇರಲಿಲ್ಲ. ಮರಳಿನ ಮೇಲೆ ಬಾಲ ಎಳೆದ ಗುರುತು ಬಂಡೆಗಳ ಕಡೆ ಹೋಗಿತ್ತು. ಎಲ್ಲರೂ ತಿರುಗಿ ನೋಡುವಾಗ ಅವನು ಮೇಲಿನ ಬಾಯಿಯೊಳಗೆ ಹಿಂದುಹಿಂದಾಗಿ ತೂರಿಕೊಳ್ಳುತ್ತಿದ್ದ. ತಲೆ ಹೊರಕ್ಕೆ, ಬಾಲ ಒಳಕ್ಕೆ. ಉಸಿರು ತುಂಬಿಕೊಂಡು ಮೈ ಉಬ್ಬಿಸಿದ. ಬಂಡೆಯ ಸಂದು ಅವನ ಮೈಯಿಂದ ಮುಚ್ಚಿಹೋಯಿತು.

"ಸಾಕ್ಷಿ ಬೇಡವಾದರೆ ಬೇಡ" ಎಂದು ಅಲ್ಲಿಂದಲೇ ಹೇಳಿದ. "ಬಿಲದಲ್ಲಿ ವಾಸ ಮಾಡ್ತಿರೋನು ನಾನು. ವಾಸ ಮಾಡಿದವರದ್ದೇ ಬಿಲ. ನನ್ನನ್ನು ಎಬ್ಬಿಸೋಕೆ ಬರೋರು ಒಂದು ವಿಷಯ ನೆನಪಿಟ್ಟುಕೊಳ್ಳಿ. ಮರಿಗಳು ನನ್ನ ಹಿಂದೆ ಇವೆ."

ದೊಡ್ಡಮ್ಮ ಎರಡು ಹೆಜ್ಜೆ ಮುಂದಿಟ್ಟು ನಿಂತಳು. ಅವಳು ಕೊಂಬಿನಿಂದ ಬಂಡೆ ಎಬ್ಬಿಸಬಲ್ಲಳು. ಆದರೆ ಬಂಡೆ ಕುಸಿದರೆ ಮರಿಗಳ ಮೇಲೆಯೇ ಬೀಳುತ್ತದೆ.

ಗಂಗಿ ಅಕ್ಕನ ಕಿವಿಯ ಹತ್ತಿರ ಬಂದಳು. "ಕೆಳಗಿನ ಬಾಯಿ" ಎಂದಳು.

ಕೆಂಚನಿಗೂ ಅದು ಕೇಳಿಸಿತು. ಅವನು ಯಾರ ಕಡೆಯೂ ನೋಡದೆ ನೇರವಾಗಿ ಬಂಡೆಯ ಹತ್ತಿರ ಹೋಗಿ ಉಡಪ್ಪನ ಎದುರು ಕೂತ.

"ಮಾವ, ಕೋಪ ಮಾಡಿಕೋಬೇಡ. ಮಾತಾಡೋಣ. ನಿನಗೆ ಎಷ್ಟು ಜಾಗ ಬೇಕು ಹೇಳು" ಎಂದ.

"ಈಗ ದಾರಿಗೆ ಬಂದೆ" ಎಂದ ಉಡಪ್ಪ. "ಮೇಲಿನ ಬಾಯಿ ಪೂರ್ತಿ ನನಗೆ. ಒಳಕೋಣೆಯಲ್ಲಿ ಅರ್ಧ."

"ಅರ್ಧ ಜಾಸ್ತಿಯಾಯ್ತು ಮಾವ. ನನಗೂ ಸಂಸಾರ ಇದೆ. ಸ್ವಲ್ಪ ಬಿಟ್ಟುಕೊಡು."

ಅಕ್ಕ ತಂಗಿ ಮಡುವಿಗೆ ಇಳಿದರು. ನೀರು ಕದಡದ ಹಾಗೆ ಮುಳುಗಿದರು. ಬಂಡೆಯ ಬುಡ ತಡವಿಕೊಂಡು ಹೋಗಿ ಕೆಳಗಿನ ಬಾಯಿಯಿಂದ ಒಳಗೆ ತೂರಿದರು. ಒಳಗೆ ಕತ್ತಲು. ಉಡಪ್ಪನ ಬಾಲ ಗೋಡೆಯಿಂದ ಗೋಡೆಗೆ ಬೀಸುತ್ತಿತ್ತು. ಮರಿಗಳು ಮೂಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ನಡುಗುತ್ತಿದ್ದವು. ಹೊನ್ನಿಗೆ ಅವನ್ನು ಕೂಗಿ ಕರೆಯಬೇಕೆನಿಸಿತು. ಹಲ್ಲು ಕಚ್ಚಿ ಹಿಡಿದಳು. ಬಾಲ ಆ ಕಡೆ ಹೋದಾಗ ಹೊಟ್ಟೆಯ ಮೇಲೆ ತೆವಳಿ ಒಂದು ಮರಿಯ ಕತ್ತು ಕಚ್ಚಿದಳು. ಇನ್ನೊಂದನ್ನು ಗಂಗಿ ಕಚ್ಚಿದಳು. ಬಾಲ ತಿರುಗಿ ಬಂದು ಗಂಗಿಯ ಬೆನ್ನಿಗೆ ಚಾಟಿಯಂತೆ ಬಡಿಯಿತು. ಅವಳು ಬಾಯಿ ಬಿಡಲಿಲ್ಲ. ಉಡಪ್ಪ ಬುಸುಗುಟ್ಟಿದ. ತಿರುಗಲು ನೋಡಿದ. ತಾನೇ ಉಬ್ಬಿಸಿದ ಮೈ ಸಂದಿನಲ್ಲಿ ಸಿಕ್ಕಿಕೊಂಡು ತಿರುಗಲು ಬರಲಿಲ್ಲ.

ಮಡುವಿನ ನಡುವೆ ನಾಲ್ಕು ತಲೆಗಳು ಮೇಲೆದ್ದವು. ಎರಡು ದೊಡ್ಡವು, ಎರಡು ಚಿಕ್ಕವು.

ಕೆಂಚ ಅದನ್ನು ನೋಡಿದ. ಆಡುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟು ನೀರಿಗೆ ಹಾರಿದ. ಮರಿಗಳನ್ನು ಅವನ ಹೆಂಡತಿ ದಡದಲ್ಲಿ ಮಡಿಲಿಗೆ ಎಳೆದುಕೊಂಡಳು. ಮೂವರು ಒಡಹುಟ್ಟಿದವರು ಒಟ್ಟಿಗೆ ಕೆಳಗಿನ ಬಾಯಿಯಿಂದ ನುಗ್ಗಿ ಉಡಪ್ಪನ ಬಾಲಕ್ಕೆ ಹಲ್ಲು ಹಾಕಿದರು. ಉಡದ ಹಿಡಿತ ಸಣ್ಣದಲ್ಲ. ಅವನು ಉಗುರುಗಳನ್ನು ಬಂಡೆಗೆ ಊರಿ ಬಹಳ ಹೊತ್ತು ಜಗ್ಗಾಡಿದ. ಕೊನೆಗೆ ನೋವು ತಾಳಲಾರದೆ ಉಸಿರು ಬಿಟ್ಟ. ಮೈ ಸಣ್ಣಗಾಯಿತು. ಮೂವರೂ ಅವನನ್ನು ಒಳಕೋಣೆಯಿಂದ ನೀರಿನ ದಾರಿಗೆ, ನೀರಿನ ದಾರಿಯಿಂದ ಮಡುವಿಗೆ ಎಳೆದು ತಂದು ಮರಳಿನ ಮೇಲೆ, ದೊಡ್ಡಮ್ಮನ ಕಾಲ ಬುಡದಲ್ಲಿ ಬಿಟ್ಟರು. ಅವನ ಬಾಲದ ತುದಿ ತುಂಡಾಗಿತ್ತು.

"ಇನ್ನು ಮೇಲೆ ಈ ಕಾಡಿನಲ್ಲಿ ನಿನ್ನ ಸಾಕ್ಷಿಗೆ ಬೆಲೆಯಿಲ್ಲ" ಎಂದಳು ದೊಡ್ಡಮ್ಮ. "ಹೊಳೆಯ ದಂಡೆಯಲ್ಲಿ ಮತ್ತೆ ಕಂಡರೆ ನನ್ನ ಗೊರಸು ಮಾತಾಡುತ್ತೆ. ಕೆಂಬೂತದ ಗೂಡಿನ ಹತ್ತಿರ ಕಂಡರೂ ಇದೇ ಮಾತು."

ಉಡಪ್ಪ ಕುಂಟುತ್ತಾ ಗುಡ್ಡ ಹತ್ತಿ ತನ್ನ ಹಳೆಯ ಬಿಲಕ್ಕೆ ಹೋದ. ಅಲ್ಲಿ ಮುಳ್ಳುಹಂದಿಯೊಂದು ಬಂದು ನೆಲೆಸಿತ್ತು. ಇದು ನನ್ನ ಬಿಲ ಎಂದು ಉಡಪ್ಪ ಕೂಗಾಡಿದ. "ವಾಸ ಮಾಡಿದವರದ್ದೇ ಬಿಲ ಅಂತ ನೀನೇ ಈಗ ಕೂಗಿ ಹೇಳಿದೆಯಲ್ಲ. ಇಲ್ಲಿ ತನಕ ಕೇಳಿಸಿತು" ಎಂದು ಮುಳ್ಳುಹಂದಿ ಮುಳ್ಳು ನಿಗುರಿಸಿತು. ಅವನು ಬಿಸಿಲಿನಲ್ಲೇ ಗುಡ್ಡದ ಆಚೆಗೆ ಇಳಿದು ಹೋದ.

ಕೂಟ ಮತ್ತೆ ಕೂತಿತು. ಹೊಳೆಯವ್ವನ ಮಾತು ಕೇಳಿದ ಹೊರಗಿನವರಿಲ್ಲ, ಆದ್ದರಿಂದ ಬಿಲವೂ ಮಡುವೂ ಮೂವರಿಗೂ ಸಮ ಎಂದು ದೊಡ್ಡಮ್ಮ ಹೇಳಿದಳು. ಹೊನ್ನಿ ತಲೆಯಾಡಿಸಿದಳು. ಅದು ಹಾಗೇ ಆಗುತ್ತದೆಂದು ಬಾಯಿ ತೆರೆದಾಗಲೇ ಅವಳಿಗೆ ಗೊತ್ತಿತ್ತು.

"ಅವ್ವ ನಿನಗೆ ಹಾಗೆ ಹೇಳಿರಬಹುದು ಹೊನ್ನಿ. ಈಗ ನಂಬ್ತೀನಿ" ಎಂದ ಕೆಂಚ. "ಆದರೆ ನನ್ನ ಮರಿಗಳಿಗೂ ಬೇಸಗೆ ಬರುತ್ತೆ. ನಾನು ಪಾಲು ಬಿಡೋಕಾಗಲ್ಲ."

"ಬಿಡು ಅಂತ ನಾನೂ ಹೇಳಲ್ಲ ಅಣ್ಣ."

ಎದುರೆದುರು ಕೂತು ಮಾತಾಡಲು ಶುರು ಮಾಡಿದ ಮೇಲೆ ಬಗೆಹರಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಳಕೋಣೆ ಹೊನ್ನಿಗೆ. ಮೇಲಿನ ಬಾಯಿ ಕೆಂಚನ ಸಂಸಾರಕ್ಕೆ, ಬೇಸಗೆಯ ತಿಂಗಳುಗಳಲ್ಲಿ ಮಾತ್ರ. ಮಳೆ ಬಿದ್ದ ಮೇಲೆ ಅವನು ತನ್ನ ಜಾಗಕ್ಕೆ ಹೋಗಬೇಕು. ಬಿಲದಲ್ಲಿ ತನಗೆ ಬರುವ ಪಾಲನ್ನು ಅವ್ವನನ್ನು ನೋಡಿಕೊಂಡ ಅಕ್ಕನಿಗೆ ಕೊಡುತ್ತೇನೆ ಎಂದಳು ಗಂಗಿ. ಆದರೆ ಮಡುವಿನ ಹಕ್ಕು ಬಿಡುವುದಿಲ್ಲ, ತನ್ನ ಹೊಳೆ ಎಂದಾದರೂ ಬತ್ತಿದರೆ ಮರಿಗಳನ್ನು ಕಟ್ಟಿಕೊಂಡು ಇಲ್ಲಿಗೇ ಬರುತ್ತೇನೆ ಎಂದೂ ಹೇಳಿದಳು. ಮೂವರೂ ಅದನ್ನು ಗಟ್ಟಿಯಾಗಿ, ದೊಡ್ಡಮ್ಮನ ಮುಂದೆ ಹೇಳಿದರು. ಮೀನು ಮುಟ್ಟದ ಮುಸುವ ಒಂದು, ಬಿಲದ ಗೊಡವೆಯಿಲ್ಲದ ಕಡವೆ ಒಂದು ಕೇಳಿಸಿಕೊಂಡು ಹೋದವು.

ಆ ಬೇಸಗೆ ಕಡುವಾಗಿತ್ತು. ಬಿಲದಲ್ಲಿ ಮರಿಗಳ ಮೇಲೆ ಮರಿಗಳು ಮಲಗಬೇಕಾಯಿತು. ಕೆಂಚನ ಹೆಂಡತಿಗೂ ಹೊನ್ನಿಗೂ ಆಗಾಗ ಮಾತಿಗೆ ಮಾತು ಬೆಳೆಯುತ್ತಿತ್ತು. ಮೀನು ಎಂದೂ ಹೊಟ್ಟೆ ತುಂಬುವಷ್ಟು ಸಿಗಲಿಲ್ಲ. ಆದರೂ ಯಾರೂ ಸಾಯಲಿಲ್ಲ.

ಒಂದು ಮುಂಜಾನೆ ಅಣ್ಣ ತಂಗಿ ಮಡುವಿನ ಅಂಚಿನಲ್ಲಿ ಕೂತಿದ್ದರು. ಮರಿಗಳು ಇನ್ನೂ ಎದ್ದಿರಲಿಲ್ಲ. ಕೆಂಚ ನೀರು ನೋಡುತ್ತಾ ಕೇಳಿದ.

"ಕೊನೆಗಾಲದಲ್ಲಿ ಅವ್ವ ನನ್ನ ಬಗ್ಗೆ ಏನಾದರೂ ಅಂದಳಾ?"

"ನಿನಗೆ ಮೈಯಲ್ಲಿ ಬಲ ಇದೆ, ಎಲ್ಲಿದ್ದರೂ ಬದುಕ್ತೀಯ ಅಂದಳು" ಎಂದಳು ಹೊನ್ನಿ.

ಕೆಂಚ ಮೀಸೆಯ ನೀರನ್ನು ಒರೆಸಿಕೊಂಡ. ಆಮೇಲೆ ಮಡುವಿಗೆ ಇಳಿದು ಒಂದು ಮೀನು ಹಿಡಿದು ತಂದ. ತಲೆಯ ಕಡೆಯ ತುಂಡನ್ನು ತಂಗಿಯ ಮುಂದಿಟ್ಟು, ಬಾಲದ ಕಡೆಯದನ್ನು ತಾನು ತಿಂದ.

ನೀತಿ: ತನ್ನದು ಯಾರಿಗೆ ಸೇರಬೇಕೆಂಬುದನ್ನು ಬದುಕಿರುವಾಗಲೇ ಸಾಕ್ಷಿಗಳ ಮುಂದೆ ಹೇಳಿಬಿಡಬೇಕು. ಹೆತ್ತವರು ಹೇಳದೆ ಹೋದರೆ ಮಕ್ಕಳೆಲ್ಲ ಎದುರೆದುರು ಕೂತು ನಿಜ ಹೇಳಿ ಹಂಚಿಕೊಳ್ಳಬೇಕು. ನಿಜವಾದ ಮಾತಿಗೂ ಸುಳ್ಳು ಸಾಕ್ಷಿಯ ನೆರವು ಪಡೆದರೆ, ಕೊನೆಗೆ ಮನೆ ಆ ಸುಳ್ಳುಗಾರನ ಪಾಲಾಗುತ್ತದೆ.